1969ರ ಡಾಡ್ಜ್ ಡಾರ್ಟ್‌ಗೆ ಹೊಸ ಲೀಫ್ ಸ್ಪ್ರಿಂಗ್: ಅಳತೆ, ಆಯ್ಕೆ, ಜೋಡಣೆ

1969ರ ಡಾಡ್ಜ್ ಡಾರ್ಟ್ ಸ್ವಿಂಗರ್ 340 ಕಾರಿನ ಹಿಂದಿನ ಸಸ್ಪೆನ್ಷನ್‌ನಲ್ಲಿ ಇರುವ ಸಾಮಾನು ಬಹಳ ಕಡಿಮೆ: ಎರಡೂವರೆ ಇಂಚು ಅಗಲದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಕಟ್ಟಿದ ಎರಡು ಲೀಫ್ ಸ್ಪ್ರಿಂಗ್‌ಗಳು, ಅವುಗಳ ಮೇಲೆ ಕುಳಿತ ಒಂದು ಅಖಂಡ ಆಕ್ಸಲ್, ಮತ್ತೆ ಎರಡು ಶಾಕ್ ಅಬ್ಸಾರ್ಬರ್‌ಗಳು. ಆಕ್ಸಲನ್ನು ಹಿಡಿದಿಡಲು ಬೇರೆ ತೋಳುಗಳಾಗಲಿ ಅಡ್ಡದಂಡವಾಗಲಿ ಇಲ್ಲ. ಕಾರಿನ ಭಾರ ಹೊರುವುದು, ಆಕ್ಸಲನ್ನು ಅದರ ಜಾಗದಲ್ಲಿ ನಿಲ್ಲಿಸುವುದು, ಚಕ್ರಗಳ ನೂಕುಬಲವನ್ನು ಕಾರಿನ ಒಡಲಿಗೆ ಮುಟ್ಟಿಸುವುದು, ವೇಗ ಹೆಚ್ಚಿಸುವಾಗಲೂ ಬ್ರೇಕ್ ಒತ್ತಿದಾಗಲೂ ಆಕ್ಸಲ್ ತನ್ನ ಸುತ್ತಲೇ ಹೊರಳದಂತೆ ತಡೆಯುವುದು, ಈ ನಾಲ್ಕೂ ಹೊಣೆಗಳು ಆ ಪಟ್ಟಿಗಳ ಮೇಲೆಯೇ ಬಿದ್ದಿವೆ. ಆದರೂ ಇಂಥ ಕಾರುಗಳಿಗೆ ಸ್ಪ್ರಿಂಗ್ ಕೊಳ್ಳುವ ಬಹುಪಾಲು ಜನ ಕೇಳುವ ಮೊದಲ ಪ್ರಶ್ನೆ, ಹಲವೊಮ್ಮೆ ಒಂದೇ ಪ್ರಶ್ನೆ, ಪಟ್ಟಿಗಳು ಎಷ್ಟು ಎಂಬುದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ನನ್ನ ಕಾರು ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಅಂದರೆ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪನ್ನು ತನ್ನ ಆಯುಷ್ಯದ ಬಹುಭಾಗ ಉಂಡಿದೆ. 340 ಘನ ಇಂಚಿನ, ಸುಮಾರು 5.6 ಲೀಟರ್‌ನ ವಿ-8 ಎಂಜಿನ್, ನಾಲ್ಕು ವೇಗದ ಗೇರ್‌ಬಾಕ್ಸ್, ಡಾಡ್ಜ್‌ನ ಮಾತೃಸಂಸ್ಥೆ ಕ್ರೈಸ್ಲರ್‌ನ ಎಂಟೂಮುಕ್ಕಾಲು ಇಂಚಿನ (ಇದು ಒಳಗಿನ ದೊಡ್ಡ ಹಲ್ಲುಚಕ್ರದ ವ್ಯಾಸ) ಆಕ್ಸಲ್ ಎಲ್ಲವೂ ಮೂಲದವೇ. ಮೂಲದ್ದಲ್ಲದ್ದು ಹಿಂಬದಿಯ ಎತ್ತರ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಸ್ಪ್ರಿಂಗ್ ಕುಸಿದದ್ದನ್ನು ಮುಚ್ಚಲು ಗಾಳಿ ತುಂಬುವ ಶಾಕ್‌ಗಳನ್ನೂ ಉದ್ದದ ಶ್ಯಾಕಲ್‌ಗಳನ್ನೂ (ಸ್ಪ್ರಿಂಗಿನ ಹಿಂತುದಿಯನ್ನು ಒಡಲಿಗೆ ಸೇರಿಸುವ ತೂಗುಕೊಂಡಿ) ಹಾಕಿಸಿದ್ದರು. ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಈ ಎರಡು ಉಪಾಯಗಳೂ ಇಲ್ಲಿ ಮನೆಮಾತಾಗಿದ್ದವು, ಮತ್ತು ಎರಡೂ ಕೆಟ್ಟ ಉಪಾಯಗಳೇ. ಗಾಳಿ ಶಾಕ್ ಕಾರಿನ ಭಾರದ ಒಂದು ಪಾಲನ್ನು ತಾನು ಹೊರುತ್ತದೆ. ಆದರೆ ಅದರ ಮೇಲ್ತುದಿ ಸೇರುವ ತೆಳು ತಗಡಿನ ಅಡ್ಡತೊಲೆಯನ್ನು ರೂಪಿಸಿದ್ದು ಆಘಾತ ತಣಿಸುವುದಕ್ಕೇ ಹೊರತು ಭಾರ ಹೊರುವುದಕ್ಕಲ್ಲ, ಆದ್ದರಿಂದ ವರ್ಷಗಳು ಕಳೆದಂತೆ ಬೋಲ್ಟಿನ ರಂಧ್ರದ ಸುತ್ತ ಬಿರುಕು ಮೂಡುತ್ತದೆ. ಉದ್ದದ ಶ್ಯಾಕಲ್ ಸ್ಪ್ರಿಂಗಿನ ಹಿಂತುದಿಯನ್ನು ಕೆಳಗೆ ತಳ್ಳಿ ಕಾರನ್ನು ಎತ್ತುವುದೇನೋ ನಿಜ, ಆದರೆ ತಿರುವಿನಲ್ಲಿ ಕಾರು ಪಕ್ಕಕ್ಕೆ ಓಲಾಡುವುದನ್ನು ಹೆಚ್ಚಿಸುತ್ತದೆ, ಆಕ್ಸಲಿನ ಮೂಗಿನ, ಅಂದರೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಸೇರುವ ಮುಂದಿನ ತುದಿಯ, ಕೋನವನ್ನೂ ಕೆಡಿಸುತ್ತದೆ. ಅವನ್ನು ತೆಗೆದು ಸಾಧಾರಣ ಶಾಕ್ ಮತ್ತು ಮೂಲ ಉದ್ದದ ಶ್ಯಾಕಲ್ ಹಾಕಿದ ಮೇಲೆಯೇ ಕಾರಿನ ನಿಜವಾದ ಸ್ಥಿತಿ ಕಣ್ಣಿಗೆ ಬಿತ್ತು.

ಎತ್ತರವನ್ನು ಫೆಂಡರ್ ಅಂಚಿನಿಂದ ನೆಲಕ್ಕೆ ಅಳೆಯುವುದು ವಾಡಿಕೆ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಆ ಅಳತೆಯನ್ನು ನಾನು ನಂಬುವುದಿಲ್ಲ. ಫೆಂಡರ್ ಬದಲಾಗಿರಬಹುದು, ಟೈರು ಬದಲಾಗಿಯೇ ಇರುತ್ತದೆ. ಆಕ್ಸಲ್ ಕೊಳವೆಯ ಮೇಲಂಚಿನಿಂದ ಅದರ ನೇರ ಮೇಲಿರುವ ಚೌಕಟ್ಟಿನ ತೊಲೆಯವರೆಗೆ ಅಳೆದರೆ ಸ್ಪ್ರಿಂಗಿಗೆ ಉಳಿದಿರುವ ಚಲನೆ ಎಷ್ಟೆಂದು ನೇರವಾಗಿ ಗೊತ್ತಾಗುತ್ತದೆ. ಎಡಕ್ಕೆ 4.25 ಇಂಚು, ಬಲಕ್ಕೆ 4.75 ಇಂಚು ಇತ್ತು. ಚಾಲಕ ಕೂರುವ ಎಡಬದಿ ಹೆಚ್ಚು ಕುಸಿಯುವುದು ಇಲ್ಲಿಯ ಹಳೆಯ ಕಾರುಗಳಲ್ಲಿ ಸಾಮಾನ್ಯ. ತೊಲೆಗೆ ತಗಲುವ ರಬ್ಬರ್ ತಡೆಯ ದಪ್ಪವನ್ನು ಕಳೆದರೆ ಉಳಿಯುವ ಚಲನೆ ಅತ್ಯಲ್ಪ. ಹಿಂದೆ ಇಬ್ಬರು ಕೂತರೆ ಸಣ್ಣ ಗುಂಡಿಯಲ್ಲೂ ಆಕ್ಸಲ್ ತಡೆಗೆ ಬಡಿಯುತ್ತಿತ್ತು. ಎರಡೂ ಬದಿಗೆ 6 ಇಂಚು ಸಿಗಬೇಕು, ಅಂದರೆ ಸರಾಸರಿ ಒಂದೂವರೆ ಇಂಚು ಏರಬೇಕು ಎಂದು ಗುರಿ ಇಟ್ಟುಕೊಂಡೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವಿದೆ. ಸ್ಪ್ರಿಂಗ್ ಕುಸಿದಿದೆ ಎಂದರೆ ಅದು ಮೆತ್ತಗಾಗಿದೆ ಎಂದು ತಿಳಿಯುತ್ತಾರೆ, ಹಾಗಾಗಿ ಹೆಚ್ಚು ಬಿಗಿಯಾದದ್ದನ್ನು ತರಿಸುತ್ತಾರೆ. ಸ್ಪ್ರಿಂಗಿನ ಬಿಗಿತವನ್ನು, ಅಂದರೆ ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಭಾರ ಬೇಕು ಎಂಬುದನ್ನು, ನಿರ್ಧರಿಸುವುದು ಪಟ್ಟಿಗಳ ಅಗಲ, ದಪ್ಪ, ಉದ್ದ, ಸಂಖ್ಯೆ ಮತ್ತು ಉಕ್ಕಿನ ಸ್ಥಿತಿಸ್ಥಾಪಕ ಗುಣ. ಉಕ್ಕಿಗೆ ವಯಸ್ಸಾದರೂ ಆ ಗುಣ ಬದಲಾಗುವುದಿಲ್ಲ. ಪಟ್ಟಿ ಮುರಿದಿಲ್ಲವಾದರೆ, ತುಕ್ಕು ಅದನ್ನು ತೆಳುವಾಗಿಸಿಲ್ಲವಾದರೆ, ಹಳೆಯ ಸ್ಪ್ರಿಂಗಿನ ಬಿಗಿತ ಹೊಸದರಲ್ಲಿ ಇದ್ದಷ್ಟೇ ಇರುತ್ತದೆ. ಕಳೆದುಹೋಗಿರುವುದು ಅದರ ಕಮಾನು, ಅಂದರೆ ಬಾಗಿದ ಆಕಾರ, ಮಾತ್ರ. ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ತೂಗಿದ ಮರಳಿನ ಚೀಲಗಳನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ಆದಷ್ಟೂ ಆಕ್ಸಲಿನ ನೇರ ಮೇಲೆ ಬರುವಂತೆ ಪೇರಿಸಿದೆ; 240 ಪೌಂಡ್ ಹೇರಿದಾಗ ಕಾರು 1.1 ಇಂಚು ಇಳಿಯಿತು. ಎರಡು ಸ್ಪ್ರಿಂಗ್ ಸೇರಿ ಇಂಚಿಗೆ ಸುಮಾರು 218 ಪೌಂಡ್, ಒಂದೊಂದಕ್ಕೆ 109. ಭಾರ ಹೇರುವ ಮುನ್ನ ಮತ್ತು ಹೇರಿದ ಮೇಲೆ ಕಾರನ್ನು ಕೈಯಿಂದ ಮೇಲೆ ಕೆಳಗೆ ಕುಲುಕಿ ತಾನಾಗಿ ನಿಲ್ಲಲು ಬಿಡಬೇಕು, ಇಲ್ಲದಿದ್ದರೆ ಪಟ್ಟಿಗಳ ನಡುವಿನ ಘರ್ಷಣೆ ಅಳತೆಯನ್ನು ತಪ್ಪಿಸುತ್ತದೆ. ಬೀದಿಯಲ್ಲಿ ಓಡುವ ಕಾರಿಗೆ 109 ಎಂಬುದು ಮೆತ್ತಗಿನ ಸಂಖ್ಯೆಯೇನಲ್ಲ. ಕುಸಿತಕ್ಕೆ ಮದ್ದು ಬಿಗಿತವಲ್ಲ, ಕಮಾನು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಮುಂದಿನ ಲೆಕ್ಕಕ್ಕೆ ಭಾರ ಬೇಕು. ಟ್ರಕ್‌ಗಳ ತೂಕದ ಸೇತುವೆಯ ಮೇಲೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿದಾಗ, ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ, 1,420 ಪೌಂಡ್ ತೋರಿಸಿತು. ಇದರಲ್ಲಿ ಆಕ್ಸಲ್, ಬ್ರೇಕ್ ಡ್ರಮ್, ಚಕ್ರ, ಟೈರುಗಳ ಭಾರ ಸ್ಪ್ರಿಂಗಿನ ಮೇಲೆ ಕೂರುವುದಿಲ್ಲ. ಅದಕ್ಕೆ 340 ಪೌಂಡ್ ಕಳೆದೆ. ಉಳಿದ 1,080ರಲ್ಲಿ ಒಂದೊಂದು ಸ್ಪ್ರಿಂಗಿಗೆ 540. ಇಂಚಿಗೆ 109 ಪೌಂಡಿನ ಸ್ಪ್ರಿಂಗ್ ಈ ಭಾರಕ್ಕೆ ಸುಮಾರು 5 ಇಂಚು ಬಗ್ಗುತ್ತದೆ, 130ರದ್ದು 4.15 ಇಂಚು, 160ರದ್ದು 3.4 ಇಂಚು. ಕಮಾನು ಒಂದೇ ಆಗಿದ್ದರೆ 160ರ ಸ್ಪ್ರಿಂಗ್ ಹಾಕಿದ ಕಾರು 109ರದ್ದಕ್ಕಿಂತ ಒಂದೂವರೆ ಇಂಚಿಗೂ ಹೆಚ್ಚು ಎತ್ತರದಲ್ಲಿ ನಿಲ್ಲುತ್ತದೆ. ಬಿಗಿಯಾದ ಸ್ಪ್ರಿಂಗ್ ಹಾಕಿದಾಗ ಎತ್ತರ ಸರಿಹೋಯಿತೆಂದು ಜನ ಸಂತೋಷಪಡುವುದು ಇದರಿಂದಲೇ. ಬೇಡದ ಬಿಗಿತವನ್ನು ಕೊಂಡು ಅದರ ಜೊತೆಗೆ ಎತ್ತರವನ್ನೂ ಪಡೆದಿರುತ್ತಾರೆ. ಅದರ ಬೆಲೆ ಸವಾರಿಯಲ್ಲಿ ತಿಳಿಯುತ್ತದೆ. ಇಂಚುಗಳಲ್ಲಿ ಅಳೆದ ಬಾಗುವಿಕೆಯ ವರ್ಗಮೂಲದಿಂದ 3.13ನ್ನು ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ ಎಂಬುದು ಸಿಗುತ್ತದೆ: 109ಕ್ಕೆ 1.4, 130ಕ್ಕೆ 1.54, 160ಕ್ಕೆ 1.7. ಪ್ರಯಾಣಿಕರ ಕಾರುಗಳಿಗೆ ಒಂದರಿಂದ ಒಂದೂವರೆಯವರೆಗೆ ಹಿತ ಎಂದು ಎಣಿಕೆ. 1.7 ಎಂದರೆ ಮಿಷಿಗನ್‌ನ ಒಡೆದ ಕಾಂಕ್ರೀಟ್ ರಸ್ತೆಯಲ್ಲಿ ಹಲ್ಲು ಕಡಿದುಕೊಂಡು ಓಡಿಸುವ ಕಾರು.

ಹಾಗಾದರೆ 109ರಲ್ಲೇ ಉಳಿದು ಕಮಾನನ್ನಷ್ಟೇ ಮರಳಿ ಕೊಡಿಸಬಹುದಿತ್ತಲ್ಲ? ಕೊಡಿಸಬಹುದಿತ್ತು, ಈ ಕಾರಿನ ಸ್ಪ್ರಿಂಗ್ ಭಾರ ಹೊರುವುದನ್ನಷ್ಟೇ ಮಾಡುತ್ತಿದ್ದಿದ್ದರೆ. ಎಂಜಿನಿನ ತಿರುಚುಬಲ 340 ಅಡಿ-ಪೌಂಡ್ ಎಂದು ಕಾರ್ಖಾನೆಯ ಲೆಕ್ಕ. ಮೊದಲ ಗೇರಿನ 2.66 ಮತ್ತು ನನ್ನ ಆಕ್ಸಲಿನ 3.23 ಅನುಪಾತಗಳಿಂದ ಗುಣಿಸಿದರೆ ಚಕ್ರಗಳಲ್ಲಿ 2,900 ಅಡಿ-ಪೌಂಡ್ ದಾಟುತ್ತದೆ. ಟೈರು ಅಷ್ಟನ್ನು ತಡೆಯದೆ ಮೊದಲೇ ಜಾರುವುದರಿಂದ ಪೂರ್ತಿ ಬಲ ಎಂದೂ ಬರುವುದಿಲ್ಲ, ಆದರೆ ಬಂದಷ್ಟಕ್ಕೂ ಸಮನಾದ ಪ್ರತಿಬಲ ಆಕ್ಸಲ್ ಕವಚವನ್ನು ಹಿಂದಕ್ಕೆ ಹೊರಳಿಸಿ ಅದರ ಮೂಗನ್ನು ಮೇಲಕ್ಕೆತ್ತಲು ನೋಡುತ್ತದೆ. ಆಗ ಸ್ಪ್ರಿಂಗಿನ ಮುಂಭಾಗ ಮೇಲಕ್ಕೂ ಹಿಂಭಾಗ ಕೆಳಕ್ಕೂ ಬಾಗಿ ಇಡೀ ಪಟ್ಟಿ ಸೊಟ್ಟಗಾಗುತ್ತದೆ. ಬಲ ಮಿತಿ ಮೀರಿ ಟೈರು ಜಾರಿದ ಕ್ಷಣ ಪಟ್ಟಿ ಹಿಂದಕ್ಕೆ ಚಿಮ್ಮುತ್ತದೆ, ಟೈರು ಮತ್ತೆ ನೆಲ ಕಚ್ಚುತ್ತದೆ, ಮತ್ತೆ ಸೊಟ್ಟಗಾಗುತ್ತದೆ, ಚಕ್ರಗಳು ಕುಪ್ಪಳಿಸತೊಡಗುತ್ತವೆ. ಇದು ಸುಮ್ಮನೆ ಸದ್ದಿನ ಮಾತಲ್ಲ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳನ್ನೂ ಆಕ್ಸಲಿನ ಹಲ್ಲುಗಳನ್ನೂ ಮುರಿಯಬಲ್ಲ ಹೊಡೆತ. 1967ರ ಷೆವ್ರೊಲೆ ಕಮಾರೋಗೆ ಪ್ರತಿ ಬದಿಯಲ್ಲೂ ಒಂದೇ ಪಟ್ಟಿಯ ಸ್ಪ್ರಿಂಗ್ ಇತ್ತು, ಎರಡು ಶಾಕ್‌ಗಳೂ ಆಕ್ಸಲಿನ ಒಂದೇ ಮಗ್ಗುಲಲ್ಲಿದ್ದವು; ಅದರ ಕುಪ್ಪಳಿಕೆ ಎಷ್ಟು ಕುಪ್ರಸಿದ್ಧವಾಯಿತೆಂದರೆ ಮರುವರ್ಷವೇ ಶಾಕ್‌ಗಳಲ್ಲಿ ಒಂದನ್ನು ಆಕ್ಸಲಿನ ಮುಂದೆ, ಇನ್ನೊಂದನ್ನು ಹಿಂದೆ ಇರಿಸಿ, ಶಕ್ತಿಶಾಲಿ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಕೊಡಬೇಕಾಯಿತು.

ಕ್ರೈಸ್ಲರ್‌ನ ದಾರಿ ಬೇರೆ. 1957ರಲ್ಲಿ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ದಂಡ) ತಂದಾಗಲೇ ಅವರು ಹಿಂದಿನ ಆಕ್ಸಲನ್ನು ಸ್ಪ್ರಿಂಗಿನ ನಟ್ಟನಡುವೆ ಇಡದೆ ಮುಂದಕ್ಕೆ ಸರಿಸಿದ್ದರು. ನನ್ನ ಕಾರಿನಲ್ಲಿ ಸ್ಪ್ರಿಂಗಿನ ಮುಂದಿನ ಕಣ್ಣಿನಿಂದ (ತುದಿಯ ಸುರುಳಿ ರಂಧ್ರ) ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಆಕ್ಸಲಿನಡಿ ಕೂರುವ ಸೆಂಟರ್ ಬೋಲ್ಟಿಗೆ 20 ಇಂಚು. ಅಲ್ಲಿಂದ ಹಿಂದಿನ ಕಣ್ಣಿಗೆ ಅದಕ್ಕಿಂತ ಬಹಳ ಹೆಚ್ಚು. ಗಿಡ್ಡಗೆ ಬಿಗಿಯಾದ ಮುಂಭಾಗ ಆಕ್ಸಲಿನ ಹೊರಳಿಕೆಯನ್ನು ತಡೆಯುವ ತೋಳಾಗಿ ನಿಲ್ಲುತ್ತದೆ, ಉದ್ದನೆಯ ಮೆತ್ತಗಿನ ಹಿಂಭಾಗ ಸವಾರಿಯನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ಈ ಕಾರಿಗೆ ಸ್ಪ್ರಿಂಗ್ ಆರಿಸುವಾಗ ಒಟ್ಟು ಪಟ್ಟಿಗಳೆಷ್ಟು ಎನ್ನುವುದಕ್ಕಿಂತ ಮುಂದಿನ 20 ಇಂಚಿನಲ್ಲಿ ಎಷ್ಟು ಉಕ್ಕಿದೆ, ಅದನ್ನು ಕ್ಲಿಪ್‌ಗಳು ಎಷ್ಟು ಭದ್ರವಾಗಿ ಕಟ್ಟಿವೆ ಎಂಬುದು ಮುಖ್ಯ. ಎಣಿಕೆ ಮೋಸ ಮಾಡುವುದಕ್ಕೆ ಇನ್ನೊಂದು ಕಾರಣ ದಪ್ಪ. ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಪಟ್ಟಿ ಶೇಕಡಾ 10ರಷ್ಟು ದಪ್ಪವಾದರೆ ಬಿಗಿತ ಶೇಕಡಾ 33ರಷ್ಟು ಹೆಚ್ಚುತ್ತದೆ. ಐದು ದಪ್ಪ ಪಟ್ಟಿಗಳ ಕಟ್ಟು ಏಳು ತೆಳು ಪಟ್ಟಿಗಳದ್ದಕ್ಕಿಂತ ಬಿಗಿಯಾಗಿರಬಹುದು. ನಮ್ಮ ಊರಿನ ಲಾರಿ ವರ್ಕ್‌ಶಾಪುಗಳಲ್ಲಿ ಕುಸಿದ ಗಾಡಿಗೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸುವ ಪದ್ಧತಿ ಇದೆ. ಹೊರೆಯೇ ಮುಖ್ಯವಾದ ಗಾಡಿಗೆ ಆ ತರ್ಕ ಸರಿಯೇ ಇರಬಹುದು, ಈ ಕಾರಿಗೆ ಹೊಂದುವುದಿಲ್ಲ.

ಮುಂಭಾಗದ ಬಿಗಿತವನ್ನು ಕೊನೆಯ ಮಿತಿಗೆ ಒಯ್ದದ್ದು ಕ್ರೈಸ್ಲರ್‌ನ ಡ್ರ್ಯಾಗ್ ರೇಸಿಗಾಗಿ (ನೇರ ಹಾದಿಯ ಕಾಲು ಮೈಲಿ ಓಟ) ಹುಟ್ಟಿದ ಸೂಪರ್ ಸ್ಟಾಕ್ ಸ್ಪ್ರಿಂಗ್. ಅದರ ಮುಂಭಾಗವನ್ನು ಕ್ಲಿಪ್‌ಗಳಿಂದ ಬಿಗಿಯಾಗಿ ಕಟ್ಟಿ ಹಿಂಭಾಗವನ್ನು ಸಡಿಲ ಬಿಟ್ಟಿರುತ್ತಾರೆ, ಮತ್ತು ಎಡ ಬಲ ಸ್ಪ್ರಿಂಗ್‌ಗಳು ಬೇರೆ ಬೇರೆ. ಕಾರಣ ಸರಳ: ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್ ಕವಚವನ್ನು ಹಿಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಚುತ್ತದೆ, ಎಡ ಚಕ್ರ ನೆಲಕ್ಕೆ ಒತ್ತಲ್ಪಡುತ್ತದೆ, ಬಲ ಚಕ್ರ ಹಗುರವಾಗಿ ಜಾರುತ್ತದೆ. ಬಲ ಸ್ಪ್ರಿಂಗನ್ನು ಎತ್ತರವಾಗಿ, ಬಿಗಿಯಾಗಿ ಮಾಡಿ ಆ ಚಕ್ರವನ್ನು ಮೊದಲೇ ಒತ್ತಿಟ್ಟರೆ ಎರಡೂ ಸಮನಾಗಿ ಹಿಡಿಯುತ್ತವೆ. ಕ್ರೈಸ್ಲರ್‌ನ ಅತಿ ಶಕ್ತಿಶಾಲಿ ಹೆಮಿ ಎಂಜಿನಿನ ದೊಡ್ಡ ಕಾರುಗಳಿಗೆ ಕಾರ್ಖಾನೆಯಿಂದಲೇ ಎಡಕ್ಕೆ ಆರು ಪೂರ್ಣ ಪಟ್ಟಿ, ಬಲಕ್ಕೆ ಐದು ಪೂರ್ಣ ಮತ್ತು ಎರಡು ಅರ್ಧ ಪಟ್ಟಿ ಬರುತ್ತಿದ್ದುದೂ ಇದೇ ತತ್ವದ ಮೇಲೆ. ಆದರೆ ಸೂಪರ್ ಸ್ಟಾಕ್ ಸ್ಪ್ರಿಂಗ್ ಹಾಕಿದ ಕಾರು ನಿಂತಲ್ಲಿ ಬಲಗಡೆ ಎತ್ತಿಕೊಂಡಿರುತ್ತದೆ, ಬೀದಿಯಲ್ಲಿ ಒರಟಾಗಿ ಓಡುತ್ತದೆ. ಕಾಲು ಮೈಲಿಯ ಓಟದ ಹಾದಿಯ ಮೇಲೆ ಅದಕ್ಕೆ ಸಾಟಿ ಕಡಿಮೆ. ಬೇಸಿಗೆಯ ಸಂಜೆ ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂ ಮೇಲೆ ನಿಧಾನವಾಗಿ ಸಾಗುವ ಕಾರಿಗೆ ಅದು ಅನಗತ್ಯ ಶಿಕ್ಷೆ. ಹಳೆಯ ಸ್ಪ್ರಿಂಗಿಗೇ ಮರಳಿ ಕಮಾನು ಕೊಡಿಸುವ ದಾರಿಯನ್ನು ನಾನು ಬಿಟ್ಟದ್ದು ಬೇರೆ ಕಾರಣಕ್ಕೆ: ತಣ್ಣಗಿನ ಪಟ್ಟಿಯನ್ನು ಬಡಿದು ಬಾಗಿಸಿ ಮತ್ತೆ ಶಾಖದಿಂದ ಹದಗೊಳಿಸದಿದ್ದರೆ ಅದು ಬೇಗನೆ ಹಳೆಯ ಸ್ಥಿತಿಗೇ ಮರಳುತ್ತದೆ, ಸಾಲದ್ದಕ್ಕೆ ಪಟ್ಟಿಗಳ ತುದಿ ತಾಕುವಲ್ಲೆಲ್ಲ ತುಕ್ಕಿನ ಕುಳಿಗಳಿದ್ದವು, ಬಿರುಕು ಆರಂಭವಾಗುವುದು ಅಂಥ ಕುಳಿಗಳಲ್ಲೇ.

ಕೊನೆಗೆ ಸ್ಪ್ರಿಂಗ್ ತಯಾರಿಸುವವರಿಗೆ ನಾನು ಬರೆದುಕೊಟ್ಟದ್ದರಲ್ಲಿ ಪಟ್ಟಿಗಳ ಸಂಖ್ಯೆ ಇರಲಿಲ್ಲ. ಬಿಗಿತ ಇಂಚಿಗೆ 130 ಪೌಂಡ್. 540 ಪೌಂಡ್ ಭಾರದಲ್ಲಿ ಗುರಿಯ 6 ಇಂಚು ಸಿಗುವಷ್ಟು ಎತ್ತರ. ಮುಂಭಾಗದಲ್ಲಿ ಎರಡನೆಯ ಪಟ್ಟಿ ಕಣ್ಣಿನ ಸಮೀಪದವರೆಗೆ ಬರಬೇಕು, ಕ್ಲಿಪ್‌ಗಳು ಬಿಗಿಯಾಗಿರಬೇಕು. ಪಟ್ಟಿಗಳ ತುದಿಯಲ್ಲಿ ನೈಲಾನ್ ಮೆತ್ತೆಗಳಿರಬೇಕು. ಎಡ ಸ್ಪ್ರಿಂಗಿಗೆ ಕಾಲು ಇಂಚು ಕಮಾನು ಹೆಚ್ಚಿಗೆ. ಈ ಕೊನೆಯದು ಹೆಮಿ ಕಾರುಗಳ ಪದ್ಧತಿಗೆ ತದ್ವಿರುದ್ಧ ಎಂಬುದು ಗೊತ್ತಿದ್ದೇ ಬರೆದದ್ದು. ನನ್ನ ಕಾರು ಹೆಚ್ಚು ಹೊತ್ತು ಓಡುವುದು ಚಾಲಕನೊಬ್ಬನ ಭಾರದೊಂದಿಗೆ. ಸಿಗ್ನಲ್ಲಿನಲ್ಲಿ ಜೋರಾಗಿ ಹೊರಡುವುದು ಅಪರೂಪ. ಬಂದ ಸ್ಪ್ರಿಂಗಿನಲ್ಲಿ ಐದು ಪಟ್ಟಿಗಳೂ ಮುಂದೆ ಒಂದು ಅರ್ಧ ಪಟ್ಟಿಯೂ ಇದ್ದವು.

ಹಣ ಕೊಡುವ ಮುನ್ನ ನೋಡಬೇಕಾದದ್ದು ಸ್ಪ್ರಿಂಗನ್ನಲ್ಲ, ಅದು ನೇತಾಡುವ ತಗಡನ್ನು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಸ್ಪ್ರಿಂಗಿನ ಮುಂತುದಿಯನ್ನು ಹಿಡಿಯುವ ಹ್ಯಾಂಗರ್ ಕೂರುವುದು ಒಡಲಿಗೇ ಬೆಸೆದ ಪೆಟ್ಟಿಗೆಯಂಥ ತೊಲೆಯ ಮೇಲೆ, ಹಿಂದಿನ ಶ್ಯಾಕಲ್ ಹಿಡಿದಿರುವುದು ಟ್ರಂಕ್ ನೆಲದಡಿಯ ತೊಲೆಯನ್ನು. ಉಪ್ಪುನೀರು ಇವುಗಳ ಒಳಗೆ ಸೇರಿ ಒಳಗಿನಿಂದಲೇ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ನೆಟ್ಟಗಿರುತ್ತದೆ. ಚೂಪಾದ ಸ್ಕ್ರೂಡ್ರೈವರ್ ಹಿಡಿದು ಹ್ಯಾಂಗರಿನ ಸುತ್ತ ಅಂಗುಲ ಅಂಗುಲವಾಗಿ ಚುಚ್ಚಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು. ಗಟ್ಟಿ ತಗಡು ಖಣಿಲ್ ಎನ್ನುತ್ತದೆ, ತುಕ್ಕು ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಎಡ ಹ್ಯಾಂಗರಿನ ಹಿಂದೆ ಅಂಗೈಯಗಲದ ತಗಡು ಸ್ಕ್ರೂಡ್ರೈವರನ್ನು ಸುಲಭವಾಗಿ ಒಳಬಿಟ್ಟುಕೊಂಡಿತು. ಅದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ಮೂಲದಷ್ಟೇ ದಪ್ಪದ ತಗಡನ್ನು ಅಂಚಿಗೆ ಅಂಚು ಸೇರಿಸಿ ಬೆಸೆಯಿಸಿ, ಒಳಗೆ ಮೇಣದ ಲೇಪ ಸಿಂಪಡಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಮೆತ್ತಗಿನ ಹಳೆಯ ಸ್ಪ್ರಿಂಗ್ ಸಹಿಸಿಕೊಂಡಿದ್ದ ತುಕ್ಕನ್ನು ಬಿಗಿಯಾದ ಹೊಸದು ಸಹಿಸುವುದಿಲ್ಲ.

ಬಿಚ್ಚುವ ಕೆಲಸದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಮುಂದಿನ ಹ್ಯಾಂಗರಿಗಿಂತ ಸ್ವಲ್ಪ ಮುಂದೆ, ಗಟ್ಟಿ ತೊಲೆಯ ಕೆಳಗೆ ಸ್ಟ್ಯಾಂಡುಗಳನ್ನಿಟ್ಟು ಕಾರಿನ ಒಡಲನ್ನು ನಿಲ್ಲಿಸಬೇಕು. ಆಕ್ಸಲಿಗೆ ಪ್ರತ್ಯೇಕ ಜ್ಯಾಕ್ ಬೇಕು. ಬ್ರೇಕ್‌ನ ರಬ್ಬರ್ ಕೊಳವೆ ಆಕ್ಸಲಿನ ಭಾರಕ್ಕೆ ಜಗ್ಗದಂತೆ ನೋಡಿಕೊಳ್ಳಬೇಕು. ಶಾಕ್‌ನ ಕೆಳತುದಿ ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟುವ ಯು-ಬೋಲ್ಟುಗಳ ಕೆಳಗಿನ ಫಲಕಕ್ಕೇ ಸೇರಿರುವುದರಿಂದ ಮೊದಲು ಅದನ್ನು ಬಿಡಿಸಬೇಕು. ಈ ಜಾತಿಯ ಕಾರುಗಳಲ್ಲಿ ಎಲ್ಲರನ್ನೂ ಕಾಡುವುದು ಮುಂದಿನ ಕಣ್ಣನ್ನು ಹ್ಯಾಂಗರಿಗೆ ಸೇರಿಸುವ ಪಿವೋಟ್ ಬೋಲ್ಟ್. ಕಣ್ಣಿನೊಳಗೆ ಕೂರುವ ರಬ್ಬರ್ ಬುಶ್‌ನ ಒಳಗಿನ ಉಕ್ಕಿನ ನಳಿಕೆಗೂ ಬೋಲ್ಟಿಗೂ ತುಕ್ಕು ಹಿಡಿದು ಎರಡೂ ಒಂದಾಗಿರುತ್ತವೆ, ಬೋಲ್ಟನ್ನು ತಿರುಗಿಸಿದರೆ ರಬ್ಬರ್ ತಿರುಚಿಕೊಳ್ಳುತ್ತದೆಯೇ ಹೊರತು ಬೋಲ್ಟ್ ಹೊರಬರುವುದಿಲ್ಲ. ಕ್ರೈಸ್ಲರ್ ಕಾರುಗಳ ಅನುಕೂಲವೆಂದರೆ ಹ್ಯಾಂಗರೇ ಒಡಲಿಗೆ ನಟ್ಟುಗಳಿಂದ ಕೂತಿರುತ್ತದೆ. ಆ ನಟ್ಟುಗಳಿಗೆ ಹಿಂದಿನ ದಿನವೇ ತೂರುವ ಎಣ್ಣೆ ಹಾಕಿಟ್ಟು, ಹ್ಯಾಂಗರ್ ಸಮೇತ ಸ್ಪ್ರಿಂಗನ್ನು ಕೆಳಗಿಳಿಸಿ, ಬೋಲ್ಟನ್ನು ಬೆಂಚಿನ ಮೇಲೆ ಆರಾಮವಾಗಿ ಗರಗಸದಿಂದ ಕೊಯ್ದು ತೆಗೆಯಬಹುದು. ಹಳೆಯ ಸ್ಪ್ರಿಂಗಿನ ಸೆಂಟರ್ ಬೋಲ್ಟನ್ನು ಮಾತ್ರ ಕ್ಲ್ಯಾಂಪ್ ಹಾಕದೆ ಬಿಚ್ಚಬಾರದು. ಕುಸಿದ ಪಟ್ಟಿಗಳಲ್ಲೂ ಕೈ ಮುರಿಯುವಷ್ಟು ಸೆಳೆತ ಉಳಿದಿರುತ್ತದೆ.

ಬುಶ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಿನ ರೂಢಿಗೆ ವಿರುದ್ಧವಾದದ್ದು. ಪಾಲಿಯುರೆಥೇನ್ ಬುಶ್‌ಗಳನ್ನು ಸುಧಾರಣೆ ಎಂದೇ ಮಾರುತ್ತಾರೆ. ಕಾರು ತಿರುವಿನಲ್ಲಿ ವಾಲಿದಾಗ ಲೀಫ್ ಸ್ಪ್ರಿಂಗ್ ತನ್ನ ಉದ್ದದ ಮೇಲೆ ತಿರುಚಿಕೊಳ್ಳಬೇಕು, ಅದಕ್ಕೆ ಕಣ್ಣಿನ ಬುಶ್ ಎಲ್ಲ ದಿಕ್ಕುಗಳಲ್ಲೂ ಸ್ವಲ್ಪ ಮಣಿಯಬೇಕು. ಗಟ್ಟಿ ಪಾಲಿಯುರೆಥೇನ್ ಮಣಿಯದೆ ಹಟ ಹಿಡಿಯುತ್ತದೆ, ಗ್ರೀಸ್ ಒಣಗಿದ ಮೇಲೆ ಕಿರುಗುಟ್ಟುತ್ತದೆ. ಮುಂದಿನ ಕಣ್ಣಿಗೆ ಮೂಲದ ಮಾದರಿಯ ರಬ್ಬರ್ ಬುಶ್‌ಗಳನ್ನು ಪ್ರೆಸ್ಸಿನಲ್ಲಿ ಒತ್ತಿಸಿದೆ. ಹಿಂದಿನ ಶ್ಯಾಕಲ್‌ಗಳಿಗೂ ರಬ್ಬರೇ. ಪಿವೋಟ್ ಬೋಲ್ಟಿಗೆ ಮಾತ್ರ, ಮುಂದೊಂದು ದಿನ ಇದನ್ನು ಬಿಚ್ಚುವವರ ಮೇಲಿನ ಕರುಣೆಯಿಂದ, ತುಕ್ಕು ತಡೆಯುವ ಲೇಪವನ್ನು ಧಾರಾಳವಾಗಿ ಬಳಿದಿದ್ದೇನೆ.

ಜೋಡಿಸುವಾಗ ಮೊದಲು ಮುಂದಿನ ಹ್ಯಾಂಗರ್, ಆಮೇಲೆ ಶ್ಯಾಕಲ್, ಕೊನೆಗೆ ಆಕ್ಸಲನ್ನು ಇಳಿಸಿ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪೀಠದ ರಂಧ್ರದಲ್ಲಿ ಪೂರ್ತಿ ಕೂತಿದೆಯೇ ಎಂದು ಕನ್ನಡಿ ಹಿಡಿದು ನೋಡಬೇಕು. ಆ ತಲೆಯೇ ಆಕ್ಸಲನ್ನು ಹಿಂದೆ ಮುಂದೆ ಸರಿಯದಂತೆ ನಿಲ್ಲಿಸುವ ಗೂಟ. ಯು-ಬೋಲ್ಟುಗಳನ್ನು ಹಳೆಯವನ್ನೇ ಬಳಸಬಾರದು. ಒಮ್ಮೆ ಬಿಗಿದಾಗ ಅವು ಹಿಗ್ಗಿ ಎಳೆಗಳ ಆಕಾರ ಕೆಟ್ಟಿರುತ್ತದೆ. ಎಂಟೂಮುಕ್ಕಾಲು ಇಂಚಿನ ಆಕ್ಸಲಿನ ಕೊಳವೆ 3 ಇಂಚಿನದ್ದು, ಸಣ್ಣ ಎಂಜಿನಿನ ಕಾರುಗಳ ಆಕ್ಸಲ್ ಕೊಳವೆ ಅದಕ್ಕಿಂತ ತೆಳು. ಕಾರಿನ ಹೆಸರು ಹೇಳಿ ತರಿಸಿದರೆ ತಪ್ಪು ಗಾತ್ರದವು ಬರಬಹುದಾದ್ದರಿಂದ ಕೊಳವೆಯನ್ನು ಅಳೆದೇ ತರಿಸಬೇಕು. ನಾಲ್ಕು ನಟ್ಟುಗಳನ್ನು ಅಡ್ಡಡ್ಡವಾಗಿ, ಹಂತ ಹಂತವಾಗಿ 45 ಅಡಿ-ಪೌಂಡಿಗೆ, ಅಂದರೆ ಸುಮಾರು 61 ನ್ಯೂಟನ್-ಮೀಟರಿಗೆ ಬಿಗಿದೆ. ಉಳಿದ ಬೋಲ್ಟುಗಳ ಸಂಖ್ಯೆಗಳನ್ನು ಅವರವರ ಕಾರಿನ ವರ್ಷದ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳುವುದು ಒಳ್ಳೆಯದು.

ಪಿವೋಟ್ ಮತ್ತು ಶ್ಯಾಕಲ್ ಬೋಲ್ಟುಗಳನ್ನು ಕಾರು ಗಾಳಿಯಲ್ಲಿರುವಾಗ ಬಿಗಿಯಬಾರದು. ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಸದಾ ಇರಬೇಕಾಗುತ್ತದೆ, ಎತ್ತರವನ್ನು ಸುಳ್ಳಾಗಿ ತೋರಿಸಿ ಕೆಲವು ತಿಂಗಳಲ್ಲಿ ಹರಿದುಹೋಗುತ್ತದೆ. ಕಾರನ್ನು ಇಳಿಸಿ, ಚಕ್ರಗಳನ್ನು ಇಳಿಜಾರು ಹಲಗೆಗಳ ಮೇಲೆ ನಿಲ್ಲಿಸಿ, ಕುಲುಕಿ, ನಂತರ ಬಿಗಿಯಬೇಕು. ಅದೇ ಹೊತ್ತಿನಲ್ಲಿ ಶ್ಯಾಕಲಿನ ಓರೆಯನ್ನೂ ನೋಡಬೇಕು. ಕಮಾನು ಹೆಚ್ಚಿದಷ್ಟೂ ಎರಡು ಕಣ್ಣುಗಳ ಅಂತರ ಕಡಿಮೆಯಾಗಿ ಶ್ಯಾಕಲಿನ ಕೆಳತುದಿ ಮುಂದಕ್ಕೆ ಬರುತ್ತದೆ. ಭಾರ ಬಿದ್ದು ಸ್ಪ್ರಿಂಗ್ ಚಪ್ಪಟೆಯಾದಾಗ ಅದು ಹಿಂದಕ್ಕೆ ತೂಗಬೇಕು. ನಿಂತ ಕಾರಿನಲ್ಲಿ ಅದು ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಸರಿ. ಮುಂದಕ್ಕೇ ವಾಲಿದ್ದರೆ ಕಮಾನು ಅತಿಯಾಗಿದೆ ಎಂದು ಅರ್ಥ. ಆಗ ಸ್ಪ್ರಿಂಗ್ ಹಿಗ್ಗಲು ಶ್ಯಾಕಲ್ ಮೊದಲು ಕೆಳಗಿಳಿದು ಬರಬೇಕಾಗುತ್ತದೆ, ಸವಾರಿ ಕಲ್ಲಾಗುತ್ತದೆ. ಇದಾದ ಮೇಲೆ ಎರಡೂ ಬದಿಯಲ್ಲಿ ಪಿವೋಟ್ ಬೋಲ್ಟಿನಿಂದ ಆಕ್ಸಲಿಗಿರುವ ದೂರವನ್ನು ಅಳೆದೆ. ವ್ಯತ್ಯಾಸ ಒಂದು ಇಂಚಿನ ಎಂಟನೆಯ ಒಂದು ಭಾಗದೊಳಗಿತ್ತು.

ಆಕ್ಸಲಿನ ಮೂಗಿನ ಕೋನ ಹೊಸ ಸ್ಪ್ರಿಂಗಿನೊಂದಿಗೆ ಬದಲಾಗಿಯೇ ಆಗುತ್ತದೆ, ಅದನ್ನು ಅಳೆಯದೆ ಬಿಟ್ಟರೆ ನಡುಕ ಬರುತ್ತದೆ. ಗೇರ್‌ಬಾಕ್ಸಿನ ಹೊರಗಿನ ಶಾಫ್ಟ್ ಹಿಂದಕ್ಕೆ 3 ಡಿಗ್ರಿ ಇಳಿಜಾರಿತ್ತು. ಆಕ್ಸಲಿನ ಶಾಫ್ಟ್ ಅದಕ್ಕೆ ಸಮಾನಾಂತರವಾಗಬೇಕಾದರೆ ಮೂಗು 3 ಡಿಗ್ರಿ ಮೇಲೆ ನೋಡಬೇಕು. ಆದರೆ ಓಡುವಾಗ ಸ್ಪ್ರಿಂಗ್ ಸೊಟ್ಟಗಾಗಿ ಮೂಗು ಇನ್ನಷ್ಟು ಏರುವುದರಿಂದ ನಿಂತಾಗ ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗಿಡುವುದು ಕ್ರಮ. ನನಗೆ ಸಿಕ್ಕಿದ್ದು 3.5. ಎರಡು ಡಿಗ್ರಿಯ ಬೆಣೆಯನ್ನು ಸ್ಪ್ರಿಂಗಿಗೂ ಆಕ್ಸಲ್ ಪೀಠಕ್ಕೂ ನಡುವೆ, ದಪ್ಪ ತುದಿ ಹಿಂದಕ್ಕೆ ಬರುವಂತೆ ಇಟ್ಟಾಗ 1.5ಕ್ಕೆ ಬಂತು. ದಿಕ್ಕು ಗೊಂದಲ ಹುಟ್ಟಿಸುವಂಥದ್ದು: ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿರುವ ಈ ಕಾರಿನಲ್ಲಿ ಪೀಠದ ಹಿಂಭಾಗ ಏರಿದರೆ ಮೂಗು ಇಳಿಯುತ್ತದೆ. ಬೆಣೆ ಉಕ್ಕಿನದ್ದೇ ಆಗಿರಬೇಕು, ಅಲ್ಯೂಮಿನಿಯಂ ಬೆಣೆಗಳು ಯು-ಬೋಲ್ಟಿನ ಒತ್ತಡಕ್ಕೆ ಜಜ್ಜಿ ಕಾಲಕ್ರಮೇಣ ಸಡಿಲಗೊಳ್ಳುತ್ತವೆ. ಬೆಣೆಯ ದಪ್ಪದಷ್ಟು ಸೆಂಟರ್ ಬೋಲ್ಟಿನ ತಲೆ ಗಿಡ್ಡವಾಗುವುದರಿಂದ ಎತ್ತರದ ತಲೆಯ ಬೋಲ್ಟನ್ನು ಮೊದಲೇ ಹಾಕಿಸಿಕೊಂಡಿದ್ದೆ.

ರಸ್ತೆಯ ಮೇಲೆ ಮೊದಲು ಗಮನಕ್ಕೆ ಬಂದದ್ದು ಗುಂಡಿಗಳಲ್ಲಿ ತಡೆಗೆ ಬಡಿಯುವ ಸದ್ದು ಇಲ್ಲವಾದದ್ದು. ಬಿಗಿತ ಏರಿದ್ದರೂ ಸವಾರಿ ಹಿಂದಿಗಿಂತ ಹಿತವಾಗಿದೆ, ಏಕೆಂದರೆ ಚಲನೆಗೆ ಈಗ ಜಾಗವಿದೆ. ತಿರುವಿನ ವಾಲಿಕೆ ಅಷ್ಟೇನೂ ಕಡಿಮೆಯಾಗಿಲ್ಲ, ಆಗಬೇಕೆಂದು ನಿರೀಕ್ಷಿಸಿರಲೂ ಇಲ್ಲ. ಎರಡು ಸ್ಪ್ರಿಂಗ್‌ಗಳ ಅಂತರ 43 ಇಂಚು, ಚಕ್ರಗಳ ಅಂತರ ಸುಮಾರು 55. ವಾಲಿಕೆಯ ವಿರುದ್ಧ ಸ್ಪ್ರಿಂಗಿನ ಬಿಗಿತ ಈ ಅನುಪಾತದ ವರ್ಗದಷ್ಟೇ, ಅಂದರೆ ಸುಮಾರು 0.6 ಪಾಲು ಮಾತ್ರ ಕೆಲಸ ಮಾಡುತ್ತದೆ. ವಾಲಿಕೆಗೆ ಮದ್ದು ಎಡ ಬಲ ಚಕ್ರಗಳನ್ನು ಬೆಸೆಯುವ ಮುಂದಿನ ಆ್ಯಂಟಿ-ರೋಲ್ ಬಾರ್. ಒಣ ರಸ್ತೆಯಲ್ಲಿ ಜೋರಾಗಿ ಹೊರಟಾಗ ಟೈರು ಒಮ್ಮೆ ಕಿರುಚಿ ಹಿಡಿಯುತ್ತದೆ, ಕುಪ್ಪಳಿಕೆ ನಿಂತಿದೆ. ಆಕ್ಸಲ್ ಮೂಗಿನ ಮೇಲಿದ್ದು ಅದು ಅತಿಯಾಗಿ ಏರದಂತೆ ತಡೆಯುವ ರಬ್ಬರ್ ಸ್ನಬ್ಬರನ್ನು ಮೂಲದ ಎತ್ತರದಲ್ಲೇ ಬಿಟ್ಟಿದ್ದೇನೆ, ಅದು ನೆಲಹಾಸಿನ ತಗಡಿಗೆ ತಾಗಿದ ಗುರುತು ಇನ್ನೂ ಕಂಡಿಲ್ಲ.

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಮೈಲಿಗಳಲ್ಲಿ ಕಾಲು ಇಂಚಿನಷ್ಟು ಕೂರುತ್ತದೆ ಎಂದು ತಯಾರಿಸುವವರು ಎಚ್ಚರಿಸಿದ್ದರು, ಅಷ್ಟೇ ಕೂತಿತು. ಗುರಿಯ 6 ಇಂಚು ಬಂದದ್ದು ಅದಾದ ಮೇಲೆ. ಆಗ ಯು-ಬೋಲ್ಟುಗಳನ್ನು ಮತ್ತೆ ನೋಡಿದಾಗ ಎಲ್ಲವೂ ಸ್ವಲ್ಪ ಬಿಗಿತ ಬೇಡಿದವು. ಇನ್ನು ಉಳಿದದ್ದು ಮುಂಭಾಗ. ಹಿಂಬದಿ ಒಂದೂವರೆ ಇಂಚು ಏರಿದರೆ 111 ಇಂಚಿನ ಚಕ್ರಾಂತರದ ಈ ಕಾರು ಮುಂದಕ್ಕೆ ಮುಕ್ಕಾಲು ಡಿಗ್ರಿ ಬಾಗುತ್ತದೆ. ಮುಂದಿನ ಚಕ್ರಗಳ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿದ ಕೋನ, ಅಷ್ಟೇ ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆಯತೊಡಗುತ್ತದೆ, ಹೆಡ್‌ಲ್ಯಾಂಪಿನ ಬೆಳಕು 25 ಅಡಿ ದೂರದ ಗೋಡೆಯ ಮೇಲೆ 4 ಇಂಚು ಕೆಳಗಿಳಿಯುತ್ತದೆ. ಟಾರ್ಷನ್ ಬಾರ್‌ಗಳ ಎತ್ತರ ಸರಿಪಡಿಸಿ, ಕ್ಯಾಸ್ಟರ್ ಮರಳಿ ಹೊಂದಿಸಿ, ದೀಪಗಳನ್ನು ಗೋಡೆಗೆ ಹಿಡಿದು ತಿರುಪು ಬಿಗಿದ ಮೇಲೆ ಕಾರು ರಾತ್ರಿ ರಸ್ತೆಗೂ ಸಿದ್ಧವಾಯಿತು.